ಒಂದು ಡಿಗ್ರಿಯ ಬೆಲೆ

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಕಳೆದ ತಿಂಗಳು ಶಾಲೆಯ ಖೊಖೊ ಪಂದ್ಯದಲ್ಲಿ ಓಡುತ್ತಿರುವಾಗ ಕಾಲು ಹೊರಳಿ, ಪಾದದ ಕೀಲನ್ನು ಉಳುಕಿಸಿಕೊಂಡು, ಗೆಳತಿಯರಿಬ್ಬರ ಹೆಗಲಿನ ಮೇಲೆ ಕೈಯೂರಿ ಕುಂಟುತ್ತ ಮನೆಗೆ ಬಂದಳು. ವೈದ್ಯರು ನೋಡಿ, ಎಲುಬು ಮುರಿದಿಲ್ಲವೆಂದು ಧೈರ್ಯ ಹೇಳಿ, ದಿನಕ್ಕೆ ಮೂರು ನಾಲ್ಕು ಬಾರಿ 20 ನಿಮಿಷದ ಹೊತ್ತು ಮಂಜುಗಡ್ಡೆಯನ್ನು ಇಡತಕ್ಕದ್ದೆಂದು ಚೀಟಿಯಲ್ಲಿ ಬರೆದುಕೊಟ್ಟರು. ಸಾಯಂಕಾಲ ನಾನು ವಿಚಾರಿಸಿಕೊಂಡು ಬರೋಣವೆಂದು ಹೋದಾಗ ಅವಳ ಅಜ್ಜಿ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕುಳಿತಿದ್ದರು.

"ಇಪ್ಪತ್ತೇ ನಿಮಿಷ ಯಾಕೆ ಮಗು? ಹತ್ತಾದರೆ ಸಾಲದೆ? ಅರ್ಧ ಗಂಟೆಯಾದರೆ ಹೆಚ್ಚಾಗಿಬಿಡುತ್ತದೆಯೆ? ಒಳಗೆ ಎಷ್ಟು ತಣ್ಣಗಾಯಿತೆಂದು ಯಾರಾದರೂ ಇಣಿಕಿ ನೋಡಿದ್ದಾರೆಯೆ?"

"ಡಾಕ್ಟರು ಹೇಳಿದ್ದಾರೆ ಅಜ್ಜಿ, ಅಷ್ಟೆ" ಎಂದಳು ಹುಡುಗಿ. ಅಜ್ಜಿಗೆ ಅದು ಉತ್ತರವೆಂದು ತೋರಲಿಲ್ಲ. ನನ್ನ ಕಡೆಗೆ ತಿರುಗಿ, "ನೀವು ಪತ್ರಿಕೆಗೆ ಬರೆಯುವವರು, ನೀವಾದರೂ ಹೇಳಿ" ಎಂದರು. ಆ ಹೊತ್ತಿಗೆ ಸರಿಯಾಗಿ ಹೇಳಲು ನನ್ನಿಂದಾಗಲಿಲ್ಲ. ಅವರ ಪ್ರಶ್ನೆಯೇ ಈ ತಿಂಗಳ ಬರಹಕ್ಕೆ ಕಾರಣವಾಯಿತು.

ಇಣಿಕಿ ನೋಡಿದವರುಂಟು. ಆಟಗಾರರ ಗಾಯಗಳಿಗೆ ಶೀತೋಪಚಾರ, ಶಾಖೋಪಚಾರಗಳನ್ನು ಮಾಡುವ ವಿದ್ಯೆಯಲ್ಲಿ ಸಂಶೋಧನೆ ನಡೆಸುವವರು ಹಲವು ದಶಕಗಳಿಂದ ಮಾಡುತ್ತ ಬಂದಿರುವುದು ಬಹುಮಟ್ಟಿಗೆ ಇದನ್ನೇ. ಮಂಜುಗಡ್ಡೆಯನ್ನು ಇಟ್ಟರೆ ಚರ್ಮದ ಕೆಳಗೆ, ಕೊಬ್ಬಿನ ಕೆಳಗೆ, ಸ್ನಾಯುವಿನ ಒಳಗೆ ಕಾವು ಎಷ್ಟು ಇಳಿಯುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಅವರು ಅಳೆದು ಪಟ್ಟಿಮಾಡಿದ್ದಾರೆ. ಆದರೆ ಅಜ್ಜಿ ಕೇಳದೆ ಬಿಟ್ಟ ಪ್ರಶ್ನೆಯೊಂದು ಇದರ ಹಿಂದೆಯೇ ನಿಂತಿದೆ. ಅವರು ಯಾವುದರಿಂದ ಅಳೆದರು? ಆ ಅಳೆಯುವ ಸಾಧನವು ಸತ್ಯವನ್ನೇ ಹೇಳಿತೆಂದು ಹೇಗೆ ತಿಳಿದರು?

ಸ್ನಾಯುವಿನೊಳಗೆ ಗಾಜಿನ ಥರ್ಮಾಮೀಟರನ್ನು ತೂರಿಸುವುದು ಸಾಧ್ಯವಿಲ್ಲವಷ್ಟೆ. ಅದಕ್ಕೆ ಬೇರೊಂದು ಉಪಾಯ ಬೇಕಾಯಿತು. 1821ರಲ್ಲಿ ಸೀಬೆಕ್ ಎಂಬ ಜರ್ಮನ್ ಶಾಸ್ತ್ರಜ್ಞನು ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಜೋಡಿಸಿ, ಒಂದು ಜೋಡಣೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಹತ್ತಿರದ ದಿಕ್ಸೂಚಿಯ ಮುಳ್ಳು ಹೊರಳುವುದೆಂದು ಕಂಡನು. ಲೋಹಗಳಲ್ಲಿ ವಿದ್ಯುತ್ತು ಹರಿಯುತ್ತಿತ್ತು. ಈ ಗುಣವನ್ನು ಬಳಸಿಕೊಂಡು 1835ರಲ್ಲಿ ಫ್ರಾನ್ಸಿನ ಬೆಕೆರೆಲ್ ಮತ್ತು ಬ್ರೆಶೆ ಎಂಬಿಬ್ಬರು ಸೂಜಿಯಂತಹ ಲೋಹದ ಕಡ್ಡಿಗಳನ್ನು ಮನುಷ್ಯನ ತೋಳಿನ ಸ್ನಾಯುವಿಗೆ ಚುಚ್ಚಿ ಅದರ ಕಾವನ್ನು ಅಳೆದರು. ತೋಳನ್ನು ಮಡಿಸಿದರೆ ಕಾವು ತುಸು ಏರುವುದೂ, ಗರಗಸದಿಂದ ಮರ ಕೊಯ್ದರೆ ಸುಮಾರು ಒಂದು ಡಿಗ್ರಿ ಏರುವುದೂ ಅವರಿಗೆ ಕಂಡುಬಂದಿತು. ದುಡಿದವನ ಮೈ ಬಿಸಿಯಾಗುವುದನ್ನು ಲೋಕವೆಲ್ಲ ಬಲ್ಲದು. ಬಿಸಿಯಾಗುವುದು ಸ್ನಾಯುವೇ ಎಂದು ಮುಟ್ಟಿ ತೋರಿಸಿದವರು ಇವರು.

ಇಂದಿಗೂ ಸ್ನಾಯುವಿನ ಒಳಗಿನ ಕಾವನ್ನು ಅಳೆಯುವುದು ಹೆಚ್ಚಾಗಿ ಇದೇ ಕ್ರಮದಿಂದ. ಈ ಸಾಧನಕ್ಕೆ ಥರ್ಮೋಕಪಲ್ ಎಂದು ಹೆಸರು. ಲೋಹದ ಜೋಡಿತಂತಿ ಎಂದು ನಾವು ಕರೆಯಬಹುದು. ತಾಮ್ರದ ಒಂದು ತಂತಿ, ತಾಮ್ರ ನಿಕ್ಕಲುಗಳನ್ನು ಬೆರಸಿ ಮಾಡಿದ ಕಾನ್‌ಸ್ಟಂಟನ್ ಎಂಬ ಮಿಶ್ರಲೋಹದ ಇನ್ನೊಂದು ತಂತಿ, ಇವೆರಡರ ತುದಿಗಳಿಗೆ ಒಂದು ಬೆಸುಗೆ. ಕೂದಲೆಳೆಯಷ್ಟು ಸಣ್ಣದಾಗಿ ಮಾಡಿದ ಈ ಜೋಡಿಯನ್ನು ಪೊಳ್ಳು ಸೂಜಿಯ ಮೂಲಕ ಒಳಗೆ ಸೇರಿಸುತ್ತಾರೆ. ಕಾವು ಒಂದು ಡಿಗ್ರಿ ಸೆಂಟಿಗ್ರೇಡ್ ವ್ಯತ್ಯಾಸವಾದರೆ ಇದರಲ್ಲಿ ಹುಟ್ಟುವ ವಿದ್ಯುದೊತ್ತಡವು ಒಂದು ವೋಲ್ಟಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 40 ಪಾಲು. ಕೈದೀಪದ ಒಂದು ಸೆಲ್ಲಿನ ಒಂದೂವರೆ ವೋಲ್ಟನ್ನು 37 ಸಾವಿರ ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಎಷ್ಟೋ ಅಷ್ಟು! ಆ ಚೂರನ್ನು ಹಿಡಿದು, ಹಿಗ್ಗಿಸಿ, ಅಂಕೆಯನ್ನಾಗಿ ಮಾಡಿ ತೋರಿಸುವುದು ಸಂಶೋಧಕನ ಮೇಜಿನ ಮೇಲಿರುವ ಪೆಟ್ಟಿಗೆಯ ಕೆಲಸ.

ಇಲ್ಲಿಯೇ ತಪ್ಪು ನುಸುಳುವ ಕಂಡಿಗಳೂ ಇವೆ. ಜೋಡಿತಂತಿಯು ನಿಜವಾಗಿ ಹೇಳುವುದು ತನ್ನ ಎರಡು ತುದಿಗಳ ಕಾವಿನ ಅಂತರವನ್ನು ಮಾತ್ರ. ಒಂದು ತುದಿ ಆಟಗಾರನ ತೊಡೆಯಲ್ಲಿ, ಇನ್ನೊಂದು ತುದಿ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ತುದಿಯ ಕಾವು ಗೊತ್ತಿಲ್ಲದಿದ್ದರೆ ತೊಡೆಯ ಕಾವೂ ಗೊತ್ತಾಗದು. ಹಿಂದಿನವರು ಆ ತುದಿಯನ್ನು ಕರಗುವ ಮಂಜುಗಡ್ಡೆಯಲ್ಲಿ ಅದ್ದಿಡುತ್ತಿದ್ದರು. ಅಲ್ಲಿ ಕಾವು ಸೊನ್ನೆಯೆಂಬುದು ನಿಶ್ಚಯ. ಈಗಿನ ಪೆಟ್ಟಿಗೆಗಳಲ್ಲಿ ಇನ್ನೊಂದು ಪುಟ್ಟ ಉಷ್ಣಮಾಪಕವಿದ್ದು, ಅದು ಅಲ್ಲಿನ ಕಾವನ್ನು ಅಳೆದು ಲೆಕ್ಕಕ್ಕೆ ಸೇರಿಸುತ್ತದೆ. ಪೆಟ್ಟಿಗೆಯ ಮೇಲೆ ಬಿಸಿಲು ಬಿದ್ದು ಆ ಪುಟ್ಟ ಮಾಪಕ ಅರ್ಧ ಡಿಗ್ರಿ ತಪ್ಪಿದರೆ, ತೊಡೆಯ ಲೆಕ್ಕವೂ ಅರ್ಧ ಡಿಗ್ರಿ ತಪ್ಪುತ್ತದೆ. ತಂತಿಯನ್ನು ಮಾಡುವವರೂ ಅದು ಸಂಪೂರ್ಣ ಸರಿಯೆಂದು ಹೇಳುವುದಿಲ್ಲ. ಈ ಜಾತಿಯ ಸಾಧಾರಣ ತಂತಿಯು ಮೇಲಕ್ಕೋ ಕೆಳಕ್ಕೋ ಒಂದು ಡಿಗ್ರಿ, ಆರಿಸಿದ ಉತ್ತಮ ತಂತಿಯು ಅರ್ಧ ಡಿಗ್ರಿ ತಪ್ಪಬಹುದೆಂದು ಅವರ ನಿಯಮಾವಳಿಯೇ ಒಪ್ಪಿಕೊಂಡಿದೆ.

ಅದೇ ಕ್ರಮವನ್ನು ಎಷ್ಟು ನಯವಾಗಿ ನಡೆಸಬಹುದೆಂಬುದಕ್ಕೂ ಒಂದು ನಿದರ್ಶನವುಂಟು. ಇಂಗ್ಲೆಂಡಿನ ಎ. ವಿ. ಹಿಲ್ ಎಂಬವರು ಕಪ್ಪೆಯ ಸ್ನಾಯು ಒಮ್ಮೆ ಸೆಳೆದಾಗ ಹುಟ್ಟುವ ಕಾವನ್ನು, ಎಂದರೆ ಒಂದು ಡಿಗ್ರಿಯ ಸಾವಿರ ಪಾಲುಗಳಲ್ಲಿ ಕೆಲವೇ ಪಾಲುಗಳನ್ನು, ಇಂತಹ ಜೋಡಿತಂತಿಗಳ ಸಾಲಿನಿಂದ ಅಳೆದು 1922ರ ನೊಬೆಲ್ ಬಹುಮಾನಕ್ಕೆ ಪಾತ್ರರಾದರು. ಸ್ವತಃ ಓಟಗಾರರಾಗಿದ್ದ ಇವರು 1943ರ ಕೊನೆಯಲ್ಲಿ ನಮ್ಮ ದೇಶಕ್ಕೂ ಬಂದು, ಇಲ್ಲಿಯ ವಿಜ್ಞಾನಸಂಶೋಧನೆಯ ವಿಷಯವಾಗಿ ಸರ್ಕಾರಕ್ಕೆ ಸಲಹೆ ಕೊಟ್ಟರು. ಸಾಧನವು ಒಳ್ಳೆಯದೇ, ಹಿಡಿಯುವ ಕೈ ಅದರ ಸ್ವಭಾವವನ್ನು ಅರಿತಿರಬೇಕು.

ಈಗ ಅಜ್ಜಿಯ 20 ನಿಮಿಷಕ್ಕೆ ಬರೋಣ. 2002ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅನೇಕ ಜನರ ತೊಡೆಯ ಮುಂಭಾಗದ ಮೇಲೆ ಪುಡಿಮಾಡಿದ ಮಂಜುಗಡ್ಡೆಯ ಚೀಲವನ್ನಿಟ್ಟು, ಕೊಬ್ಬಿನ ಪದರದಿಂದ ಒಂದು ಸೆಂಟಿಮೀಟರು ಕೆಳಗೆ ಸ್ನಾಯುವಿನಲ್ಲಿ ಕಾವು 7 ಡಿಗ್ರಿ ಇಳಿಯಲು ಎಷ್ಟು ಹೊತ್ತು ಬೇಕೆಂದು ನೋಡಿದರು. ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿದಾಗ ಬರುವ ಮಡಿಕೆ 10 ಮಿಲಿಮೀಟರಿನೊಳಗೆ ಇದ್ದ ತೆಳುಮೈಯವರಿಗೆ ಸರಾಸರಿ 8 ನಿಮಿಷ ಸಾಕಾಯಿತು. ಮಡಿಕೆ 11ರಿಂದ 20 ಮಿಲಿಮೀಟರು ಇದ್ದವರಿಗೆ 23 ನಿಮಿಷ. 21ರಿಂದ 30 ಇದ್ದವರಿಗೆ 38 ನಿಮಿಷ. 31ರಿಂದ 40 ಇದ್ದವರಿಗೆ ಹೆಚ್ಚುಕಡಿಮೆ ಒಂದು ಗಂಟೆ! ಕೊಬ್ಬು ಒಳ್ಳೆಯ ಕಂಬಳಿ. ಒಳಗಿನ ಬೆಚ್ಚನ್ನು ಹೊರಕ್ಕೆ ಬಿಡದಿರುವಂತೆ ಹೊರಗಿನ ತಂಪನ್ನೂ ಒಳಕ್ಕೆ ಬಿಡದು. ಎಲ್ಲರಿಗೂ 20 ನಿಮಿಷವೆಂಬ ಒಂದೇ ಮಾತು ಸಲ್ಲದೆಂದು ಇದರಿಂದ ತಿಳಿಯಿತು. ಅಜ್ಜಿಯ ಸಂದೇಹವು ನ್ಯಾಯವಾದದ್ದೇ.

ಮಾಪಕವು ಒಂದು ಡಿಗ್ರಿ ತಪ್ಪಿದರೆ ಈ ಪಟ್ಟಿಯ ಗತಿಯೇನು? ಮೂರನೆಯ ಗುಂಪಿನವರನ್ನು ತೆಗೆದುಕೊಳ್ಳಿ. 38 ನಿಮಿಷಕ್ಕೆ 7 ಡಿಗ್ರಿಯೆಂದರೆ, ಒಂದು ಡಿಗ್ರಿಗೆ ಐದು ನಿಮಿಷಕ್ಕೂ ಮೇಲೆ. ಇಳಿತವನ್ನು ಅಳೆಯುವುದರಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಸಮಯದಲ್ಲಿ ಐದಾರು ನಿಮಿಷ ಹೆಚ್ಚುಕಡಿಮೆಯಾಗುತ್ತದೆ. ಮಂಜುಗಡ್ಡೆಯ ಕೆಳಗಿರುವ ಚರ್ಮಕ್ಕೆ ಆ ಐದಾರು ನಿಮಿಷ ಸಣ್ಣ ಸಂಗತಿಯಲ್ಲ.

ಆದರೆ ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ತಪ್ಪುಗಳೆಲ್ಲವೂ ಒಂದೇ ಜಾತಿಯವಲ್ಲ. ನಮ್ಮ ಮನೆಯ ಗೋಡೆಗಡಿಯಾರವು ಯಾವಾಗಲೂ 5 ನಿಮಿಷ ಮುಂದಿದ್ದರೆ ಬಸ್ಸಿಗೆ ಹೊರಡುವಾಗ ಗಾಬರಿಯಾಗುವುದೇ ಹೊರತು, ಅನ್ನ ಬೇಯಲು ಎಷ್ಟು ಹೊತ್ತಾಯಿತೆಂದು ನೋಡುವುದಕ್ಕೆ ಅದರಿಂದ ಏನೂ ಬಾಧಕವಿಲ್ಲ. ಇಟ್ಟಾಗಲೂ 5 ನಿಮಿಷ ಮುಂದು, ಇಳಿಸಿದಾಗಲೂ 5 ನಿಮಿಷ ಮುಂದು. ಕಳೆದರೆ ತಪ್ಪು ತಾನೇ ಕಳೆದುಹೋಗುತ್ತದೆ. ಅದರಂತೆ, ಒಂದೇ ಮಾಪಕವು ಎಂದಿಗೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ, 'ಎಷ್ಟು ಡಿಗ್ರಿ ಇಳಿಯಿತು' ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. 'ಎಷ್ಟು ಡಿಗ್ರಿ ಇದೆ' ಎಂದು ಕೇಳಿದಾಗ ಮಾತ್ರ ಸುಳ್ಳಾಗುತ್ತದೆ. ಇನ್ನೊಂದು ಬಗೆಯ ಗಡಿಯಾರವುಂಟು; ಬೆಳಿಗ್ಗೆ ಮುಂದೆ, ಮಧ್ಯಾಹ್ನ ಹಿಂದೆ. ಅದರಿಂದ ಅನ್ನವೂ ಕೆಡುತ್ತದೆ, ಬಸ್ಸೂ ತಪ್ಪುತ್ತದೆ. ಶಾಸ್ತ್ರಜ್ಞರು ಇವೆರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾರೆ: ನಿಜಕ್ಕೆ ಹತ್ತಿರವಾಗಿರುವುದು ಒಂದು ಗುಣ, ಹೇಳಿದ್ದನ್ನೇ ಮತ್ತೆ ಹೇಳುವುದು ಇನ್ನೊಂದು ಗುಣ. ಒಂದಿದ್ದರೆ ಇನ್ನೊಂದಿರಲೇಬೇಕೆಂಬ ನಿಯಮವಿಲ್ಲ.

ಮೂರು ವಿದ್ಯುದುಷ್ಣಮಾಪಕಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಿದ ವಿವರವು 2005ರಲ್ಲಿ 'ಜರ್ನಲ್ ಆಫ್ ಅಥ್ಲೆಟಿಕ್ ಟ್ರೈನಿಂಗ್' ಎಂಬ ಅಮೆರಿಕದ ಪತ್ರಿಕೆಯಲ್ಲಿ ಬಂದಿತು. ಮೂರೂ ಉಪಚಾರಸಂಶೋಧನೆಯಲ್ಲಿ ಬಳಕೆಯಲ್ಲಿದ್ದವೇ. ಅವುಗಳ ತಂತಿಗಳನ್ನು ನೀರಿನ ತೊಟ್ಟಿಯಲ್ಲಿಟ್ಟು, ನಂಬಿಕೆಗೆ ಅರ್ಹವಾದ ಉಷ್ಣಮಾಪಕದೊಡನೆ ಹೋಲಿಸಿದರು. ಮೂರೂ ಒಂದೇ ಮಟ್ಟದಲ್ಲಿ ನಿಲ್ಲಲಿಲ್ಲ. ಒಂದೇ ಪೆಟ್ಟಿಗೆಯೂ ತಂತಿಯ ಜಾತಿ ಬದಲಾದಾಗ ಬೇರೆ ರೀತಿಯಲ್ಲಿ ನಡೆಯಿತು. ಆದುದರಿಂದ ಪ್ರತಿಯೊಬ್ಬ ಸಂಶೋಧಕನೂ ತಾನು ಬಳಸುವ ಪೆಟ್ಟಿಗೆ ತಂತಿಗಳ ಜೋಡಿಯನ್ನು ತಾನೇ ಪರೀಕ್ಷಿಸಿ, ಅದು ಎಷ್ಟರಮಟ್ಟಿಗೆ ತಪ್ಪಬಹುದೆಂಬ ಅಂಕೆಯನ್ನು ತನ್ನ ಲೇಖನದಲ್ಲಿಯೇ ಕಾಣಿಸಬೇಕೆಂದು ಅವರು ಕೇಳಿಕೊಂಡರು. ನನಗೆ ಈ ಚಿಕ್ಕ ಲೇಖನವು ಹೊಸ ಚಿಕಿತ್ಸೆಗಳನ್ನು ಸಾರುವ ಎಷ್ಟೋ ದೊಡ್ಡ ಲೇಖನಗಳಿಗಿಂತ ಉಪಕಾರದ್ದೆಂದು ತೋರುತ್ತದೆ. ತಕ್ಕಡಿಯನ್ನು ತೂಗಿ ನೋಡಿದ ಮೇಲಲ್ಲವೆ ಸರಕನ್ನು ತೂಗುವುದು!

ಒಂದು ಡಿಗ್ರಿ ಎಂದರೇನು ಮಹಾ ಎಂದು ಕೇಳುವವರಿಗೆ ಅಲ್ಟ್ರಾಸೌಂಡ್ ಉಪಚಾರದ ಉದಾಹರಣೆ ಕೊಡಬೇಕು. ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಚರ್ಮದ ಮೂಲಕ ಒಳಕ್ಕೆ ಬಿಟ್ಟು ಸ್ನಾಯುವಿಗೆ ಕಾವು ಕೊಡುವ ಈ ಕ್ರಮವನ್ನು ಆಟಗಾರರ ಚಿಕಿತ್ಸೆಯಲ್ಲಿ ಬಹುಕಾಲದಿಂದ ಬಳಸುತ್ತಿದ್ದಾರೆ. ಕಾವು ಒಂದು ಡಿಗ್ರಿ ಏರಿದರೆ ಸೌಮ್ಯ, ಎರಡು ಮೂರು ಡಿಗ್ರಿ ಏರಿದರೆ ಮಧ್ಯಮ, ನಾಲ್ಕು ಡಿಗ್ರಿ ಏರಿದರೆ ತೀವ್ರ ಎಂದು ಆ ವಿದ್ಯೆಯವರು ವಿಂಗಡಿಸಿದ್ದಾರೆ. ಬಿಗಿದುಕೊಂಡ ಸ್ನಾಯುವನ್ನು ಹಿಗ್ಗಿಸಲು ನಾಲ್ಕು ಬೇಕೆಂದು ಹೇಳುವರು. ಮೆಟ್ಟಿಲು ಮೆಟ್ಟಿಲಿಗೂ ಒಂದೆರಡೇ ಡಿಗ್ರಿ ಅಂತರ. ಒಂದು ಡಿಗ್ರಿ ತಪ್ಪಬಹುದಾದ ಮಾಪಕದಿಂದ ಈ ಮೆಟ್ಟಿಲುಗಳನ್ನು ಎಣಿಸುವುದೆಂದರೆ, ಒಂದಡಿ ಹೆಚ್ಚುಕಡಿಮೆ ಹೇಳುವ ಕೋಲಿನಿಂದ ಬಾಗಿಲಿನ ಚೌಕಟ್ಟನ್ನು ಅಳೆದಂತೆಯೇ ಸರಿ. 1995ರ ಒಂದು ಪ್ರಯೋಗದಲ್ಲಿ, ಸೆಕೆಂಡಿಗೆ 30 ಲಕ್ಷ ಸಲ ಕಂಪಿಸುವ ತರಂಗವನ್ನು ಚದರ ಸೆಂಟಿಮೀಟರಿಗೆ ಒಂದು ವಾಟಿನಂತೆ ಬಿಟ್ಟಾಗ ಸ್ನಾಯುವಿನ ಕಾವು ನಿಮಿಷಕ್ಕೆ 0.6 ಡಿಗ್ರಿ, 10 ಲಕ್ಷ ಸಲ ಕಂಪಿಸುವ ತರಂಗವನ್ನು ಬಿಟ್ಟಾಗ 0.2 ಡಿಗ್ರಿ ಏರಿತು. ಎರಡನೆಯದರಲ್ಲಿ ಒಂದು ಡಿಗ್ರಿಯ ತಪ್ಪು 5 ನಿಮಿಷದ ಚಿಕಿತ್ಸೆಗೆ ಸಮಾನವಾಯಿತು. ಇನ್ನೊಂದು ತೊಡಕೂ ಉಂಟು. ತರಂಗಗಳ ನಡುವೆ ಸಿಕ್ಕಿದ ತಂತಿಯು ಸುತ್ತಲಿನ ಮಾಂಸದೊಡನೆ ತಿಕ್ಕಾಡಿ ತಾನೇ ತುಸು ಬಿಸಿಯಾಗುತ್ತದೆ. ಆಗ ಅದು ಹೇಳುವುದರಲ್ಲಿ ಸ್ನಾಯುವಿನ ಕಾವೆಷ್ಟು, ತನ್ನ ಸ್ವಂತ ಕಾವೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಚರ್ಮದ ಮೇಲೆ ಅಂಟಿಸುವ ಮಾಪಕಗಳ ಕಷ್ಟವು ಮತ್ತೊಂದು ಬಗೆಯದು. ಸೂಜಿ ಚುಚ್ಚುವ ನೋವಿಲ್ಲವೆಂದು ಇವುಗಳ ಬಳಕೆ ಹೆಚ್ಚು. ಆದರೆ ಚರ್ಮಕ್ಕೂ ಮಂಜುಗಡ್ಡೆಯ ಚೀಲಕ್ಕೂ ನಡುವೆ ಸಿಕ್ಕಿದ ಮಾಪಕವು ಯಾರ ಮಾತನ್ನು ಹೇಳಬೇಕು? ಒಂದು ಮುಖ ಬೆಚ್ಚಗಿನ ಚರ್ಮಕ್ಕೆ, ಇನ್ನೊಂದು ಮುಖ ಸೊನ್ನೆ ಡಿಗ್ರಿಯ ಚೀಲಕ್ಕೆ. ಅದು ಇಬ್ಬರ ನಡುವಣ ಮಾತನ್ನು ಆಡುತ್ತದೆ. ಚೀಲವನ್ನು ಬಿಗಿಯಾಗಿ ಕಟ್ಟಿದರೆ ಒಂದು ಅಂಕೆ, ಸಡಿಲವಾಗಿ ಕಟ್ಟಿದರೆ ಇನ್ನೊಂದು. ಮೇಲೆ ದಪ್ಪ ಪಟ್ಟಿ ಹಾಕಿ ಅಂಟಿಸಿದರೆ ಪಟ್ಟಿಯೇ ಹೊದಿಕೆಯಾಗಿ ಆ ಜಾಗವು ಸುತ್ತಣ ಚರ್ಮಕ್ಕಿಂತ ಬೇರೆಯಾಗುತ್ತದೆ. ಬೆವರು ಬಂದರೆ ಅಂಟು ಬಿಡುತ್ತದೆ. ಇದಕ್ಕೆ ಬದಲು ಮೈಯಿಂದ ಹೊರಡುವ ಕಣ್ಣಿಗೆ ಕಾಣದ ಕಿರಣಗಳನ್ನು ದೂರದಿಂದಲೇ ಹಿಡಿಯುವ ಕ್ಯಾಮರಾಗಳು ಬಂದಿವೆ. ಆದರೆ ಅವು ನೋಡುವುದು ಮೇಲ್ಮೈಯನ್ನು ಮಾತ್ರ. ಮಂಜುಗಡ್ಡೆಯ ಚೀಲವನ್ನು ತೆಗೆದ ಮೇಲೆಯೇ ಅವುಗಳಿಗೆ ಚರ್ಮ ಕಾಣುವುದು. ತೆಗೆದ ಕ್ಷಣದಿಂದಲೇ ಚರ್ಮ ಬೆಚ್ಚಗಾಗತೊಡಗಿರುತ್ತದೆ.

ಗುಂಡಿಯಾಕಾರದ ಪುಟ್ಟ ಮಾಪಕಗಳಲ್ಲಿ ಕೆಲವು ಕಾವನ್ನು ಡಿಗ್ರಿಯ 16ನೆಯ ಒಂದು ಪಾಲಿನವರೆಗೆ ಬಿಡಿಸಿ ತೋರಿಸುತ್ತವೆ. ಆದರೆ ಅವುಗಳನ್ನು ತಯಾರಿಸುವವರು ಕೊಡುವ ಭರವಸೆ ಅರ್ಧ ಡಿಗ್ರಿಯದು ಮಾತ್ರ. ದಶಾಂಶದ ಬಿಂದುವಿನ ಮುಂದೆ ಹೆಚ್ಚು ಅಂಕೆಗಳಿದ್ದಷ್ಟೂ ಮಾತು ಹೆಚ್ಚು ನಿಜವೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ದೂರದಲ್ಲಿ ಹೋಗುವವನನ್ನು ಕಂಡು, "ಅವನ ವಯಸ್ಸು 43 ವರ್ಷ 7 ತಿಂಗಳು" ಎಂದು ಹೇಳಿದರೆ ನಾವು ನಗುತ್ತೇವೆ. ಯಂತ್ರವು ಹೇಳಿದರೆ ನಗುವುದಿಲ್ಲ.

ಇಷ್ಟರವರೆಗೆ ಹೇಳಿದ್ದೆಲ್ಲ ನಿಮಿಷಗಳ ಲೆಕ್ಕವಾಯಿತು. ಪ್ರಾಣದ ಲೆಕ್ಕವೂ ಒಂದುಂಟು. ಬಿಸಿಲಿನಲ್ಲಿ ಓಡುವವನಿಗೆ ಮೈಯೊಳಗಿನ ಕಾವು ಹೊರಗೆ ಹೋಗುವುದಕ್ಕಿಂತ ಬೇಗನೆ ಹುಟ್ಟುತ್ತ, 40 ಡಿಗ್ರಿಯನ್ನು, ಎಂದರೆ ನಮ್ಮ ಜ್ವರದ ಕಡ್ಡಿಯ 104ನ್ನು ದಾಟಿ, ಅದರೊಡನೆ ಬುದ್ಧಿಯೂ ತಪ್ಪಿದರೆ ಅದು ಶ್ರಮದಿಂದ ಬಂದ ಉಷ್ಣಾಘಾತ. ಆಗ ಮಾಡತಕ್ಕದ್ದು ಒಂದೇ: ಮಂಜುಗಡ್ಡೆ ಬೆರೆತ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ಅರ್ಧ ಗಂಟೆಯೊಳಗೆ ಕಾವನ್ನು ಇಳಿಸುವುದು; ಆಸ್ಪತ್ರೆಯ ಪ್ರಯಾಣ ಆಮೇಲೆ. ತಡವಾದರೆ ಸಾವು. ಅಮೆರಿಕದ ಹೆಸರುವಾಸಿ ಫುಟ್‌ಬಾಲ್ ಆಟಗಾರ ಕೋರಿ ಸ್ಟ್ರಿಂಗರ್ 2001ರ ಆಗಸ್ಟ್ 1ರಂದು ಹೀಗೆಯೇ ತೀರಿಕೊಂಡನು. ಅವನಿಗೆ 27 ವರ್ಷ. ಅವನ ಹೆಸರಿನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದಲ್ಲಿ 2010ರಿಂದ ಒಂದು ಸಂಸ್ಥೆ ಇದೇ ವಿಷಯಕ್ಕಾಗಿ ದುಡಿಯುತ್ತಿದೆ.

ಕುಸಿದುಬಿದ್ದವನ ಮೈಕಾವು 40 ದಾಟಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಯಲಿನ ಬಿಸಿಲಿನಲ್ಲಿ ವ್ಯಾಯಾಮ ಮಾಡಿದವರ ಕಾವನ್ನು ಬಾಯಿ, ಕಂಕುಳು, ಕಿವಿ, ಕಣತಲೆ, ಹಣೆಗಳಲ್ಲಿಯೂ, ನುಂಗಿದ ಗುಳಿಗೆಯೊಂದರಿಂದಲೂ ಅಳೆದು, ಗುದದ್ವಾರದಲ್ಲಿಟ್ಟ ಮಾಪಕದೊಡನೆ ಹೋಲಿಸಿದರು. ಗುಳಿಗೆಯೊಂದನ್ನು ಬಿಟ್ಟು ಉಳಿದುವಾವುವೂ ನಂಬತಕ್ಕವಾಗಿರಲಿಲ್ಲ. ಕಾರಣವು ಸ್ಪಷ್ಟ. ಬೆವರು ಆರುತ್ತಿರುವ ಹಣೆ ತಣ್ಣಗಿರುತ್ತದೆ. ಏದುಸಿರು ಬಿಡುತ್ತ ತಣ್ಣೀರು ಕುಡಿದ ಬಾಯಿಯೂ ಹಾಗೆಯೇ. ಒಳಗೆ ಒಲೆ ಉರಿಯುತ್ತಿರುವಾಗ ಹೊರಗೋಡೆಯನ್ನು ಮುಟ್ಟಿ ನೋಡಿ 'ಅಷ್ಟೇನೂ ಬಿಸಿಯಿಲ್ಲ' ಎಂದಂತೆ. ಹಣೆಯ ಮಾಪಕವು 38 ಎಂದು ತೋರಿಸಿತೆಂದು ನಂಬಿ, ನೆರಳಿನಲ್ಲಿ ಮಲಗಿಸಿ ನೀರು ಕೊಡುತ್ತ ಕುಳಿತರೆ, ಉಳಿಸಬಹುದಾಗಿದ್ದ ಅರ್ಧ ಗಂಟೆ ಕಳೆದುಹೋಗುತ್ತದೆ. ಇಂತಹ ಸಮಯದಲ್ಲಿ ಸುಳ್ಳು ಹೇಳುವ ಮಾಪಕಕ್ಕಿಂತ ಮಾಪಕವಿಲ್ಲದಿರುವುದೇ ಲೇಸು.

ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಫಾಲ್ಮತ್ ಎಂಬ ಸಮುದ್ರತೀರದ ಊರಿನಲ್ಲಿ ಆಗಸ್ಟ್ ತಿಂಗಳ ಸೆಕೆಯಲ್ಲಿ 7 ಮೈಲಿಯ ಓಟವೊಂದು ವರ್ಷವರ್ಷವೂ ನಡೆಯುತ್ತದೆ. ಅಲ್ಲಿ ಗುರಿಯ ಹತ್ತಿರದಲ್ಲಿಯೇ ಮಂಜುಗಡ್ಡೆಯ ನೀರಿನ ತೊಟ್ಟಿಗಳೂ, ಗುದದ್ವಾರದಲ್ಲಿ ಕಾವನ್ನು ನೋಡುವ ಮಾಪಕಗಳೂ ಸಿದ್ಧವಾಗಿರುತ್ತವೆ. 18 ವರ್ಷಗಳ ಓಟಗಳಲ್ಲಿ 274 ಮಂದಿಗೆ ಉಷ್ಣಾಘಾತವಾಯಿತು. 274 ಮಂದಿಯೂ ಬದುಕಿದರು. ಸರಿಯಾದ ಜಾಗದಲ್ಲಿಟ್ಟ ಒಂದು ಮಾಪಕ, ಅದರ ಪಕ್ಕದಲ್ಲಿ ಒಂದು ತೊಟ್ಟಿ ತಣ್ಣೀರು, ಇವೇ ಅಲ್ಲಿಯ ಔಷಧ. ನಾಚಿಕೆಯಿಂದ ಆ ಮಾಪಕವನ್ನು ಬೇಡವೆನ್ನುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರಿಗೆ ಈ ಅಂಕೆಯನ್ನು ತೋರಿಸಬೇಕು.

ಮೇಲೆ ಹೇಳಿದ ಗುಳಿಗೆಯ ಕಥೆಯೂ ಸ್ವಾರಸ್ಯವಾದದ್ದು. ಆಕಾಶಯಾನಿಗಳ ಮೈಕಾವನ್ನು ತಿಳಿಯಲೆಂದು ಅಮೆರಿಕದ ನಾಸಾ ಸಂಸ್ಥೆಯ ಆಶ್ರಯದಲ್ಲಿ ಇದರ ಕೆಲಸ ನಡೆಯಿತು. 1998ರಲ್ಲಿ ತಮ್ಮ 77ನೆಯ ವಯಸ್ಸಿನಲ್ಲಿ ಆಕಾಶಕ್ಕೆ ಹೋದ ಜಾನ್ ಗ್ಲೆನ್ ಇದನ್ನು ನುಂಗಿದ್ದರು. ಒಳಗಿನಿಂದಲೇ ತಂತಿಯಿಲ್ಲದೆ ಸುದ್ದಿ ಕಳುಹಿಸುವ ಈ ಗುಳಿಗೆಯು ತನ್ನ ಕೆಲಸ ಮುಗಿಸಿ ಸಹಜವಾಗಿ ಹೊರಬೀಳುತ್ತದೆ. 2019ರಲ್ಲಿ ದೋಹಾ ನಗರದ ಜಾಗತಿಕ ಕ್ರೀಡಾಕೂಟದಲ್ಲಿ, ನಡುರಾತ್ರಿಯಲ್ಲಿ ನಡೆಸಿದರೂ 68 ಓಟಗಾರ್ತಿಯರಲ್ಲಿ 28 ಮಂದಿ ಮುಗಿಸಲಾರದೆ ಬಿಟ್ಟ ಮ್ಯಾರಥಾನ್ ಓಟವಿತ್ತಲ್ಲ, ಆ ಕೂಟದಲ್ಲಿಯೂ ಹಲವು ಕ್ರೀಡಾಪಟುಗಳು ಇಂತಹ ಗುಳಿಗೆಗಳನ್ನು ನುಂಗಿ ಸಂಶೋಧಕರಿಗೆ ನೆರವಾದರು. ಗುಳಿಗೆಗೂ ತನ್ನ ದೋಷವಿದೆ. ಓಟಕ್ಕೆ ಕೆಲವು ಗಂಟೆ ಮುಂಚೆಯೇ ನುಂಗದಿದ್ದರೆ ಅದು ಹೊಟ್ಟೆಯಲ್ಲಿಯೇ ಉಳಿದು, ಕುಡಿದ ತಣ್ಣೀರಿನ ಕಾವನ್ನೇ ಮೈಯ ಕಾವೆಂದು ಹೇಳಿಬಿಡುತ್ತದೆ.

ನಮ್ಮ ಮನೆಗಳಿಗೂ ಈ ಮಾತು ದೂರದ್ದಲ್ಲ. 2020ರ ಸಾಂಕ್ರಾಮಿಕದ ಕಾಲದಲ್ಲಿ ಅಂಗಡಿ ಅಂಗಡಿಯ ಬಾಗಿಲಿನಲ್ಲಿಯೂ ಪಿಸ್ತೂಲಿನಂತಹ ಮಾಪಕವನ್ನು ನಮ್ಮ ಹಣೆಗೆ ಹಿಡಿಯುತ್ತಿದ್ದುದನ್ನು ವಾಚಕರು ಮರೆತಿರಲಾರರು. ಬಿಸಿಲಿನಲ್ಲಿ ನಡೆದುಬಂದ ನನಗೆ ಒಮ್ಮೆ ಅದು 34 ಡಿಗ್ರಿಯೆಂದು ತೋರಿಸಿತು. ಹಿಡಿದವನು "ಒಳಗೆ ಹೋಗಿ ಸಾರ್" ಎಂದನು. ಮೈಕಾವು ನಿಜವಾಗಿ 35ಕ್ಕಿಂತ ಕೆಳಗಿದ್ದರೆ ನನ್ನನ್ನು ಕಳುಹಿಸಬೇಕಾಗಿದ್ದುದು ಅಂಗಡಿಯೊಳಕ್ಕಲ್ಲ, ಆಸ್ಪತ್ರೆಗೆ! ಆಟದ ಮೈದಾನದಲ್ಲಿ ಮಗು ಬಿಸಿಲಿಗೆ ತಲೆತಿರುಗಿ ಬಿದ್ದು ತೊದಲುತ್ತಿದ್ದರೆ, ದಯವಿಟ್ಟು ಈ ಪಿಸ್ತೂಲನ್ನು ಹುಡುಕುತ್ತ ಕೂರಬೇಡಿ. ಮೊದಲು ತಣ್ಣೀರು ಸುರಿದು, ಒದ್ದೆ ಬಟ್ಟೆ ಹೊದಿಸಿ, ಬೀಸುತ್ತಿರಿ, ವೈದ್ಯರಿಗೆ ಹೇಳಿಕಳುಹಿಸಿ.

ಮಂಜುಗಡ್ಡೆಯ ವಿಷಯದಲ್ಲಿಯೂ ಗೃಹಿಣಿಯರು ತಿಳಿದಿರತಕ್ಕ ಒಂದು ವ್ಯತ್ಯಾಸವಿದೆ. ಕರಗುತ್ತಿರುವ ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿರುತ್ತದೆ. ಕರಗಿ ಮುಗಿಯುವವರೆಗೂ ಅದಕ್ಕಿಂತ ಕೆಳಗೆ ಹೋಗದು, ಮೇಲೆಯೂ ಏರದು. ಆದರೆ ಫ್ರೀಜರಿನಿಂದ ಆಗತಾನೆ ತೆಗೆದ ನೀಲಿ ಜೆಲ್ ಚೀಲವು ಸೊನ್ನೆಗಿಂತ 18 ಡಿಗ್ರಿ ಕೆಳಗಿರಬಹುದು. ಎರಡೂ ಕೈಗೆ 'ತಣ್ಣಗೆ' ಎಂದೇ ತೋರುತ್ತವೆ. ಚರ್ಮವನ್ನು ಸುಡುವುದು ಎರಡನೆಯದು. ಅದಕ್ಕೆ ಬಟ್ಟೆ ಸುತ್ತದೆ ಇಡಕೂಡದು. ಸಕ್ಕರೆಕಾಯಿಲೆಯಿಂದ ಕಾಲು ಜೋಮುಹಿಡಿದವರಿಗೆ ಯಾವುದನ್ನೇ ಆಗಲಿ ವೈದ್ಯರನ್ನು ಕೇಳದೆ ಇಡಬಾರದು. ಅವರ ಚರ್ಮವೆಂಬ ಮಾಪಕವೇ ಕೆಟ್ಟಿರುತ್ತದೆ.

ಮನೆಯ ಉಷ್ಣಮಾಪಕವನ್ನು ಪರೀಕ್ಷಿಸುವುದೂ ಸುಲಭ. ಅಡಿಗೆಗೆ ಬಳಸುವ, ಸೊನ್ನೆಯವರೆಗೆ ಅಂಕೆಗಳಿರುವ ಮಾಪಕವಾದರೆ, ಒಂದು ಲೋಟದ ತುಂಬ ಮಂಜುಗಡ್ಡೆಯನ್ನು ಕುಟ್ಟಿ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಸುರಿದು, ಕಲಕಿ, ಮಾಪಕದ ತುದಿಯನ್ನು ನಡುವೆ ಇಟ್ಟು ಒಂದೆರಡು ನಿಮಿಷ ಕಾಯಬೇಕು. ಸೊನ್ನೆ ಬರಬೇಕು. ಕುದಿಯುವ ನೀರಿನಿಂದ ಪರೀಕ್ಷಿಸುವವರು ಊರಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಮಂಜುಗಡ್ಡೆಗೆ ಈ ತೊಂದರೆಯಿಲ್ಲ. ಜ್ವರ ನೋಡುವ ಮಾಪಕವನ್ನು ಮಾತ್ರ ಹೀಗೆ ಪರೀಕ್ಷಿಸಲಾಗದು. ಅದರ ಅಂಕೆಗಳು ಮೈಕಾವಿನ ಆಸುಪಾಸಿನಲ್ಲಿಯೇ ಮೊದಲಾಗಿ ಅಲ್ಲಿಯೇ ಮುಗಿಯುತ್ತವೆ. ಹಳೆಯ ಪಾದರಸದ ಕಡ್ಡಿಯನ್ನು ಬಿಸಿನೀರಿಗೆ ಅದ್ದಿದರೆ ಒಡೆದೇಹೋಗುವುದು.

ಮರುದಿನ ನೆರೆಮನೆಗೆ ಹೋಗಿ ಇಷ್ಟನ್ನೂ ಅಜ್ಜಿಗೆ ಹೇಳಿದೆನು. ಆ ಅಳತೆಗಳು ತೊಡೆಯವು. ಪಾದದ ಕೀಲಿನ ಮೇಲೆ ಕೊಬ್ಬು ತೀರ ಕಡಿಮೆ. ಆದುದರಿಂದ ವೈದ್ಯರ 20 ನಿಮಿಷವನ್ನು ಮೀರದ ಗಡಿಯೆಂದು ತಿಳಿದುಕೊಳ್ಳಿ, ಹುಡುಗಿ ಉರಿಯುತ್ತದೆಯೆಂದರೆ ಮೊದಲೇ ತೆಗೆಯಿರಿ ಎಂದೆನು. ಅವರು ತಲೆದೂಗಿ, ಒಳಗೆ ಹೋಗಿ, ಸೊಸೆಯು ಹಾಲಿಗೆ ಹೆಪ್ಪು ಹಾಕಲು ತಂದಿದ್ದ ಮಾಪಕವನ್ನು ಹಿಡಿದುಕೊಂಡು ಬಂದರು. ಕುಟ್ಟಿದ ಮಂಜುಗಡ್ಡೆಯಲ್ಲಿ ಅದು ಒಂದೂವರೆ ಡಿಗ್ರಿಯಲ್ಲಿ ನಿಂತಿತು. ತೆಗೆದು ಮತ್ತೆ ಇಟ್ಟರು, ಮತ್ತೆ ಒಂದೂವರೆ. ಮೂರನೆಯ ಸಲವೂ ಅಷ್ಟೆ. "ಸುಳ್ಳು ಹೇಳಿದರೂ ಒಂದೇ ಸುಳ್ಳು ಹೇಳುತ್ತದೆ" ಎಂದು ಅಜ್ಜಿ ನಕ್ಕು, ಮೊಮ್ಮಗಳಿಂದ 'ಸೊನ್ನೆಯ ಹತ್ತಿರ ಒಂದೂವರೆ ಹೆಚ್ಚು' ಎಂದು ಚೀಟಿ ಬರೆಸಿ, ಅದರ ಹಿಡಿಗೆ ಅಂಟಿಸಿದರು.